ಹೊಲಿದು ಬಿಚ್ಚಿದ ಕುದುರೆ

ಹೊಳೆಯ ಈ ದಡದಲ್ಲಿ ಮಠವಿತ್ತು. ಆ ದಡದಲ್ಲಿ ಬೇನೆ ಬಿದ್ದವರ ಗುಡಿಸಲುಗಳಿದ್ದವು.

ಆ ಬೇಸಿಗೆ ಸುತ್ತಲಿನ ಊರುಗಳಿಗೆ ಕೆಟ್ಟ ಜ್ವರ ಬಂದಿತ್ತು. ಮೈ ಕೆಂಡವಾಗುತ್ತಿತ್ತು, ಕಂಕುಳಲ್ಲಿ ಗಡ್ಡೆ ಏಳುತ್ತಿತ್ತು. ಗಡ್ಡೆ ಎದ್ದವರನ್ನು ಊರವರು ಹೊಳೆಯಾಚೆ ಬಿಟ್ಟು ಬರುತ್ತಿದ್ದರು. ಹೋದವರಲ್ಲಿ ತಿರುಗಿ ಬಂದವರು ಕಡಿಮೆ.

ಮಠದಲ್ಲಿ ಇದ್ದವರು ಇಬ್ಬರೇ, ಗುರುಪಾದಜ್ಜ ಮತ್ತು ಅವರ ಶಿಷ್ಯ ಬಾಳಪ್ಪ.

ಬಾಳಪ್ಪ ದರ್ಜಿಗಳ ಮನೆಯವನು. ನಡುವಯಸ್ಸು ದಾಟಿತ್ತು. ಅಣ್ಣನ ಜೊತೆ ಅಂಗಡಿಯಲ್ಲಿ ಕೂತು ಹೊಲಿಯುತ್ತಿದ್ದ. ಹಿಂದೊಮ್ಮೆ ಇದೇ ಜ್ವರ ಬಂದು ಅಣ್ಣನನ್ನು ಒಯ್ದಿತ್ತು. ಅಂಗಡಿಗೆ ಬೀಗ ಹಾಕಿ ಮಠ ಸೇರಿದವನು ಮತ್ತೆ ಊರ ಕಡೆ ಹೋಗಿರಲಿಲ್ಲ.

ದಿನಾ ಬೆಳಿಗ್ಗೆ ಅವನು ಗಂಜಿಯ ಗಡಿಗೆ ಹೊತ್ತು ನೀರಿಗಿಳಿಯುತ್ತಿದ್ದ. ಹೊಳೆಯ ನಡುವೆ ಒಂದು ಬಂಡೆ. ಅದರ ಮೇಲೆ ಗಡಿಗೆ ಇಟ್ಟು, ಹಿಂದೆ ನೋಡದೆ ವಾಪಸು ಬಂದುಬಿಡುತ್ತಿದ್ದ. ಅವನು ದಡ ಹತ್ತಿದ ಮೇಲೆ ಆಚೆಯಿಂದ ಯಮನೂರಪ್ಪ ಬಂದು ಗಡಿಗೆ ಒಯ್ಯುತ್ತಿದ್ದ.

ಯಮನೂರಪ್ಪನಿಗೆ ಬೇನೆ ಇರಲಿಲ್ಲ. ಬೇನೆ ಇದ್ದದ್ದು ಅವನ ಮಗಳು ಶಾವಂತ್ರಿಗೆ. ಹೆಂಡತಿ ಮೊದಲೇ ತೀರಿಕೊಂಡಿದ್ದಳು. ಮಗಳೊಬ್ಬಳನ್ನೇ ಕಳಿಸಲಾರದೆ ಅವನೂ ಜೊತೆಗೆ ಹೋಗಿದ್ದ.

ಒಂದು ಬೆಳಿಗ್ಗೆ ಅವನು ಆ ದಡದಿಂದ ಕೂಗಿದ.

"ಅಜ್ಜಾರ! ಕೂಸು ಕುದುರಿ ಬೇಕಂತ ಹಟ ಹಿಡದೈತ್ರಿ!"

ಗುರುಪಾದಜ್ಜ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. "ಎಂಥಾ ಕುದುರಿ?"

"ಅರಿವೀದಾದರೂ ಆದೀತ್ರಿ! ಅದನ್ನ ಹತ್ತಿ ಇಲ್ಲಿಂದ ಓಡಿ ಹೋಗತೀನಿ ಅಂತಾಳ!"

ಬಾಳಪ್ಪನ ಕೈ ತಾನಾಗಿ ಚುರುಕಾಯಿತು. ಸೂಜಿ ಹಿಡಿಯದೆ ಬಹಳ ಕಾಲವಾಗಿತ್ತು. "ನಾ ಹೊಲಿತೀನ್ರಿ ಅಜ್ಜಾರ" ಎಂದ.

ಅಜ್ಜ ತಮ್ಮ ಹಳೆಯ ಕಾವಿ ಶಾಲು ತಂದು ಅವನ ಮುಂದಿಟ್ಟರು.

"ಹೊಲಿ. ಆದರ ಹೊಲಿದು ಕಲ್ಲ ಮ್ಯಾಲ ಇಟ್ಟು ಬರಬ್ಯಾಡ. ಕೂಸಿನ ಕೈಯಾಗ ಕೊಟ್ಟು ಬಾ."

ಬಾಳಪ್ಪ ಶಾಲಿಗೆ ಚಾಚಿದ ಕೈ ಹಿಂದಕ್ಕೆ ತೆಗೆದ. "ಗುಡಿಸಲದಾಗ ಹೋಗಬೇಕೇನ್ರಿ?"

"ಕೂಸು ಅಲ್ಲೇ ಐತಲ್ಲ?"

"ಗಂಜಿ ಕಲ್ಲ ಮ್ಯಾಲೇ ಇಡತೀವಲ್ರಿ."

"ಗಂಜಿ ಹೊಟ್ಟೀಗಿ. ಅದು ಹೆಂಗ ಹೋದರೂ ನಡೀತೈತಿ. ಕುದುರಿ ಹಂಗ ಹೋದರ ನಡಿಯೂದಿಲ್ಲಪಾ."

ಬಾಳಪ್ಪ ಶಾಲನ್ನು ಮಡಿಲಿಗೆ ಎಳೆದುಕೊಂಡ.

ಅವನು ಶಾಲನ್ನು ಎರಡು ಪದರ ಮಾಡಿ ಹಾಸಿದ. ಇದ್ದಿಲಿನಿಂದ ಕುದುರೆಯ ಆಕಾರ ಬರೆದ. ಕತ್ತರಿಸಿದ. ಎರಡು ಮಗ್ಗಲು ಕೂಡಿಸಿ ಒಳಗಿನಿಂದ ಹೊಲಿದು, ಹೊಟ್ಟೆಯಲ್ಲಿ ಬಿಟ್ಟ ಸಂದಿನಿಂದ ಹೊರಮಗ್ಗಲಿಗೆ ತಿರುವಿದ. ಕಡ್ಡಿಯಿಂದ ಮೂತಿಯನ್ನು ಮೆಲ್ಲಗೆ ಹೊರಗೆ ನೂಕಿದ. ಎರಡೇ ದಿನಕ್ಕೆ ಕುದುರೆ ಕುದುರೆಯ ಹಾಗೆ ಕಾಣತೊಡಗಿತು.

ಆಗ ಅವನಿಗೆ ಅಂಜಿಕೆ ಹತ್ತಿತು.

ಸಂಜೆ ಅಜ್ಜ ಬಂದು ಕುದುರೆಯನ್ನು ಎತ್ತಿ ನೋಡಿದರು. "ಛಲೋ ಆಗೇತಿ."

"ಇಲ್ರಿ. ಕುತ್ತಿಗಿ ಒಂದ್ ಕಡೆ ವಾಲೇತಿ."

"ಬಿಚ್ಚಬೇಕಂತೀಯೇನು?"

"ಬಿಚ್ಚಬೇಕ್ರಿ."

"ಹಂಗಾರ ಬಿಚ್ಚು" ಎಂದರು ಅಜ್ಜ, ಸ್ವಲ್ಪವೂ ತಡಮಾಡದೆ.

ಬೆಳಿಗ್ಗೆ ಆಚೆಯಿಂದ ಕೂಗು ಬಂತು. "ಕುದುರಿ ಆತೇನ್ರೀ?"

"ಕುತ್ತಿಗಿ ಸರಿ ಮಾಡಾಕತ್ತೀನೋ!" ಎಂದು ಬಾಳಪ್ಪ ಕೂಗಿ ಹೇಳಿದ.

ಅದಾದ ಮೇಲೆ ಕಿವಿ. ಹೊಲಿದ, ಬಿಚ್ಚಿದ. ಒಂದು ಕಿವಿ ದೊಡ್ಡದು ಎಂದ. ಬಾಲಕ್ಕೆ ಉಣ್ಣೆಯ ದಾರ ಕಟ್ಟಿದ, ತೆಳ್ಳಗಾಯಿತು ಎಂದು ಕಿತ್ತ. ಒಳಗೆ ತುಂಬಲು ಅರಳೆ ಬೇಕೆಂದು ಉಗ್ರಾಣಕ್ಕೆ ಹೋದರೆ ಹತ್ತಿಯ ಗಂಟಿನ ಪಕ್ಕ ಸತ್ತ ಇಲಿ ಬಿದ್ದಿತ್ತು. ಅವನು ಚೀರಿಕೊಂಡು ಹೊರಗೆ ಓಡಿ ಬಂದ. ಅಣ್ಣ ಹಾಸಿಗೆ ಹಿಡಿಯುವ ಮೊದಲು ಅಂಗಡಿಯಲ್ಲೂ ಇಲಿಗಳು ಸತ್ತು ಬಿದ್ದಿದ್ದವು.

ಅವನು ಗಂಟಿಗೆ ಗಂಟೇ ಸುಟ್ಟುಬಿಟ್ಟ. ಹೊಸ ಹತ್ತಿ ಬಿಡಿಸಿ ಅರಳೆ ಮಾಡುವುದರಲ್ಲಿ ಮತ್ತಷ್ಟು ದಿನ ಹೋಯಿತು. ಆ ದಿನಗಳಲ್ಲಿ ಅವನಿಗೆ ನೆಮ್ಮದಿಯಿತ್ತು. ಹಾಗಿದ್ದೂ ಯಾರೂ ನೋಡದಾಗ ಅಂಗಿಯೊಳಗೆ ಕೈ ಹಾಕಿ ಕಂಕುಳು ಮುಟ್ಟಿ ನೋಡಿಕೊಳ್ಳುತ್ತಿದ್ದ.

"ಕುದುರಿ ಆತೇನ್ರೀ?"

"ಕಾಲು ಉಳದಾವೋ!"

ಒಂದು ಬೆಳಿಗ್ಗೆ ಕೂಗು ಬರಲಿಲ್ಲ.

ಬಾಳಪ್ಪ ಗಂಜಿ ಇಟ್ಟು ಬಂದು ಮಠದ ಮೆಟ್ಟಿಲ ಮೇಲೆ ಕೂತ. ಹೊಳೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಬಿಸಿಲು ಏರಿತು. ಗಡಿಗೆ ಬಂಡೆಯ ಮೇಲೇ ಇತ್ತು. ಒಂದು ಕಾಗೆ ಬಂದು ಅದರ ಅಂಚಿನ ಮೇಲೆ ಕೂತಿತು.

ಎಷ್ಟೋ ದಿನ ಆ ಕೂಗು ಕೇಳಬಾರದೆಂದು ಅವನು ಕಿವಿ ಮುಚ್ಚಿಕೊಂಡಿದ್ದ. ಈಗ ಅದೇ ಕೂಗಿಗೆ ಕಿವಿಗೊಟ್ಟು ಕೂತ.

ಕುದುರೆಯನ್ನು ಕೈಯಲ್ಲಿ ಹಿಡಿದು ಅವನು ಒಳಗೆ ಹೋದ. ಅಜ್ಜ ಕಂಬಕ್ಕೆ ಒರಗಿ ಕೂತಿದ್ದರು.

"ಅಜ್ಜಾರ, ಇವತ್ತು ಯಮನೂರಪ್ಪ ಕೂಗಲಿಲ್ರಿ."

"ಗಡಿಗಿ?"

"ಕಲ್ಲ ಮ್ಯಾಲೇ ಐತ್ರಿ."

ಅಜ್ಜ ಕಣ್ಣು ಮುಚ್ಚಿದರು.

ಬಾಳಪ್ಪ ಅವರೆದುರು ಕುಸಿದು ಕೂತ. "ಕುತ್ತಿಗಿ ವಾಲಿದ್ದಿಲ್ರಿ. ಕಿವಿ ಸರಿ ಇದ್ವು. ಮುಗದರ ಹೋಗಬೇಕಾಗತೈತಿ ಅಂತ ಬಿಚ್ಚಿದೆ. ಹೊಲಿಯೂದು, ಬಿಚ್ಚೂದು, ಇದನ್ನೇ ಮಾಡಿದೆ."

"ಗೊತ್ತಿತ್ತು."

"ಗೊತ್ತಿದ್ದೂ ಯಾಕ ಸುಮ್ಮನಿದ್ರಿ? ಒಂದು ಮಾತು ಬೈಯಬೇಕಿತ್ತಲ್ರಿ!"

ಅಜ್ಜ ಎರಡೂ ಕೈ ಮುಂದೆ ಚಾಚಿದರು. ಬೆರಳುಗಳು ನಡುಗುತ್ತಿದ್ದವು.

"ವಯಸ್ಸಾಗೇತಿ ಅಂತ ತಿಳೀಬ್ಯಾಡ" ಎಂದರು. "ಯಮನೂರಪ್ಪನ ಕೂಗು ಮೊದಲನೇ ದಿನ ಬಂದಾಗಿಂದ ಹಿಂಗ ನಡಗತಾವು. ನೀ ಬಿಚ್ಚಿದಾಗೆಲ್ಲ ನನಗ ನಿರಾಳ ಆಗತಿತ್ತು."

ಬಾಳಪ್ಪ ಅವರ ಮುಖವನ್ನೇ ನೋಡಿದ.

"ಹೋಗೂದು ನನ್ನ ಕೆಲಸ ಇತ್ತು ಬಾಳಪ್ಪ. ನಿನ್ನ ಹೆಗಲಿಗೆ ಹಾಕಿದೆ. ಕೂಸಿನ ಕೈಯಾಗ ಕೊಡು ಅಂತ ದೊಡ್ಡ ಮಾತು ಹೇಳಿದೆ, ನಾ ಇಲ್ಲೇ ಕುಂತೆ."

ಬಾಳಪ್ಪನಿಗೆ ತಾನು ಇಷ್ಟು ವರ್ಷ ಒರಗಿಕೊಂಡಿದ್ದ ಗೋಡೆಯೇ ಅಲುಗಿದ ಹಾಗಾಯಿತು. ಅಜ್ಜನೇ ಅಂಜುವುದಾದರೆ ತನ್ನ ಗತಿಯೇನು? ಓಡಿ ಹೋಗಿಬಿಡೋಣ ಅನ್ನಿಸಿತು. ಎಲ್ಲಿಗೆ ಎಂದು ಹೊಳೆಯಲಿಲ್ಲ.

"ಈಗೇನ್ ಮಾಡೂದ್ರಿ?" ಎಂದು ಕೇಳಿದ.

ಅಜ್ಜ ಕಂಬ ಹಿಡಿದು ಎದ್ದರು. ಪಂಚೆ ಮೇಲೆತ್ತಿ ಕಟ್ಟಿದರು. "ಕುದುರಿ ತಗೋ."

"ಒಂದು ಕಾಲಿಗೆ ಇನ್ನೂ ಅರಳಿ ತುಂಬಿಲ್ರಿ."

"ಮೂರು ತುಂಬೀಯಲ್ಲ. ನಡಿ."

ಇಬ್ಬರೂ ನೀರಿಗಿಳಿದರು. ಬಂಡೆಯವರೆಗಿನ ದಾರಿ ಬಾಳಪ್ಪನ ಕಾಲಿಗೆ ಗೊತ್ತಿತ್ತು. ಗಡಿಗೆ ಎತ್ತಿಕೊಂಡು ಬಂಡೆಯ ಆಚೆ ಕಾಲಿಟ್ಟಾಗ ನೀರು ತಣ್ಣಗಾದಂತೆ ಅನ್ನಿಸಿತು. ಅಲ್ಲಿಂದ ಮುಂದೆ ಅವನು ಎಂದೂ ಹೋಗಿರಲಿಲ್ಲ.

ಪಾಚಿಯ ಕಲ್ಲಿನ ಮೇಲೆ ಅಜ್ಜನ ಕಾಲು ಜಾರಿತು. ಬಾಳಪ್ಪ ತೋಳು ಹಿಡಿದ. ಹಿಡಿದವನು ಅಲ್ಲಿಯೇ ನಿಂತು, ಕತ್ತು ತಿರುಗಿಸಿದ.

"ಹಿಂದ ನೋಡಬ್ಯಾಡೋ" ಎಂದರು ಅಜ್ಜ. "ಇಲ್ಲಿಂದ ಮಠ ಭಾಳ ಛಲೋ ಕಾಣತೈತಿ."

ಆ ದಡದ ಗುಡಿಸಲುಗಳಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ಖಾಲಿ ಬಿದ್ದಿದ್ದವು. ಆ ಒಂದರ ಬಾಗಿಲಿಗೆ ಜೋಳದ ದಂಟಿನ ತಡಿಕೆ ಅಡ್ಡವಿತ್ತು. ಒಳಗಿನಿಂದ ಬೆವರು, ಕೀವು, ಹಳಸಿದ ಗಂಜಿಯ ವಾಸನೆ. ಬಾಳಪ್ಪನಿಗೆ ಅಣ್ಣನ ಕೋಣೆ ನೆನಪಾಯಿತು. ಆ ಕೋಣೆಯನ್ನು ಅವನು ಕಿಟಕಿಯಿಂದಷ್ಟೇ ನೋಡಿದ್ದ.

ತಡಿಕೆ ಸರಿಸಿದವರು ಅಜ್ಜ.

ಯಮನೂರಪ್ಪ ನೆಲದ ಮೇಲೆ ಬಿದ್ದಿದ್ದ. ತುಟಿ ಒಡೆದಿತ್ತು. ಕಣ್ಣು ತೆರೆದಿದ್ದರೂ ಏನನ್ನೂ ನೋಡುತ್ತಿರಲಿಲ್ಲ. ಪಕ್ಕದಲ್ಲಿ ಶಾವಂತ್ರಿ ಖಾಲಿ ತಂಬಿಗೆ ಹಿಡಿದು ಕೂತಿದ್ದಳು. ಅವಳ ಗಡ್ಡೆ ಒಡೆದು, ಜ್ವರ ಇಳಿದು, ಎಲುಬಿನ ಗೂಡಷ್ಟೇ ಉಳಿದಿತ್ತು.

"ಅಪ್ಪ ನೀರು ನೀರು ಅಂತಾನ" ಎಂದಳು. "ಹೊಳೀಗೆ ಒಬ್ಬಾಕಿನ ಹೋಗಾಕ ನನಗ ಅಂಜಿಕಿ ಬರತೈತಿ."

ಅಜ್ಜ ತಂಬಿಗೆ ತೆಗೆದುಕೊಂಡು ಹೊರಗೆ ಹೋದರು.

ಗುಡಿಸಲಿನಲ್ಲಿ ಬಾಳಪ್ಪ ಒಬ್ಬನೇ ಉಳಿದ. ಹುಡುಗಿ ಅವನ ಕೈಯನ್ನೇ ನೋಡುತ್ತಿದ್ದಳು. ಅವನು ಕುದುರೆಯನ್ನು ಮುಂದೆ ಹಿಡಿದ. ತೆಗೆದುಕೊಳ್ಳುವಾಗ ಅವಳ ಬೆರಳು ಅವನ ಬೆರಳಿಗೆ ತಾಗಿತು. ಕೈ ಹಿಂದಕ್ಕೆಳೆಯಬೇಕು ಅನ್ನಿಸಿತು. ಎಳೆಯಲಿಲ್ಲ.

ಶಾವಂತ್ರಿ ಕುದುರೆಯ ಮೂತಿ ನೋಡಿದಳು, ಬಾಲ ನೋಡಿದಳು. ಜೋತುಬಿದ್ದ ಕಾಲನ್ನು ಎತ್ತಿ ಹಿಡಿದಳು.

"ಇದರ ಕಾಲಿಗೇನಾಗೇತಿ?"

"ಏನಿಲ್ಲವಾ. ಇನ್ನೂ ತುಂಬಿಲ್ಲ."

"ಹಂಗಾರ ಇದು ಓಡೂದಿಲ್ಲ."

"ಅರಳಿ ಮಠದಾಗ ಐತಿ. ಹೋಗಿ ತರತೀನಿ" ಎಂದ ಬಾಳಪ್ಪ. ಹೇಳುವಾಗಲೇ ಅವನ ಕಾಲು ಬಾಗಿಲ ಕಡೆ ತಿರುಗಿತ್ತು.

ಹುಡುಗಿ ತನ್ನ ತಲೆದಿಂಬಿನ ಹರಿದ ಮೂಲೆಗೆ ಬೆರಳು ತೂರಿಸಿ ಒಂದು ಹಿಡಿ ಅರಳೆ ಎಳೆದಳು. ಅವನ ಮುಂದೆ ಹಿಡಿದಳು. "ಇದು ಸಾಲತೈತೇನು?"

ಅವಳು ಇಷ್ಟು ದಿನ ಜ್ವರದಲ್ಲಿ ತಲೆಯಿಟ್ಟು ಮಲಗಿದ್ದ ದಿಂಬು ಅದು. ಅರಳೆ ಬೆವರಿಗೆ ಗಂಟುಗಟ್ಟಿ ಹಳದಿಯಾಗಿತ್ತು.

ಬಾಳಪ್ಪ ಬಾಗಿಲ ಕಡೆ ನೋಡಿದ. ಹುಡುಗಿಯ ಕೈ ಚಾಚಿದಂತೆಯೇ ಇತ್ತು. ಅಷ್ಟು ಹೊತ್ತು ಎತ್ತಿ ಹಿಡಿಯುವ ಶಕ್ತಿ ಆ ಕೈಗೆ ಇರಲಿಲ್ಲ, ಅದು ಅಲುಗುತ್ತಿತ್ತು.

ಅವನು ಕೂತ. ಅರಳೆ ತೆಗೆದುಕೊಂಡು ಬೆರಳಿನಿಂದ ಬಿಡಿಸಿದ. ಚೂರು ಚೂರಾಗಿ ಕಾಲಿನೊಳಗೆ ತುಂಬಿದ. ಟೋಪಿಯಲ್ಲಿ ಚುಚ್ಚಿಕೊಂಡಿದ್ದ ಸೂಜಿ ತೆಗೆದ. ಎಷ್ಟು ಸಲ ಪ್ರಯತ್ನಿಸಿದರೂ ದಾರ ಸೂಜಿಯ ಕಣ್ಣಿಗೆ ಹೋಗಲೊಲ್ಲದು.

"ಕೊಡು" ಎಂದು ಶಾವಂತ್ರಿ ದಾರದ ತುದಿಯನ್ನು ಎಂಜಲು ಮಾಡಿ ಪೋಣಿಸಿ ಕೊಟ್ಟಳು.

ಆ ದಾರದಲ್ಲಿಯೇ ಅವನು ಹೊಲಿದ. ಹೊಲಿಗೆ ಸೊಟ್ಟಗಿತ್ತು. ಈ ಸಲ ನಿಜವಾಗಿಯೂ ಸೊಟ್ಟಗಿತ್ತು. ಬಿಚ್ಚಲಿಲ್ಲ.

ಅಷ್ಟರಲ್ಲಿ ನೀರು ತಂದಿದ್ದ ಅಜ್ಜ ಯಮನೂರಪ್ಪನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಾಯಿಗೆ ಹನಿ ಹನಿ ನೀರು ಬಿಡುತ್ತಿದ್ದರು. ಬಹಳ ಹೊತ್ತಿನ ಮೇಲೆ ಅವನ ತುಟಿ ಅಲುಗಿತು.

"ಕುದುರಿ ಆತೇನ್ರಿ?"

"ಆತಪ್ಪಾ" ಎಂದಳು ಶಾವಂತ್ರಿ. "ನಾಕೂ ಕಾಲು ಅದಾವು."

ಅಜ್ಜನೂ ಬಾಳಪ್ಪನೂ ಆ ದಿನ ಮಠಕ್ಕೆ ಮರಳಲಿಲ್ಲ. ಮರುದಿನವೂ ಮರಳಲಿಲ್ಲ. ಬಾಳಪ್ಪ ನೀರು ತಂದ, ಗಂಜಿ ಕಾಯಿಸಿದ, ಯಮನೂರಪ್ಪನ ಗಡ್ಡೆಗೆ ಬಿಸಿ ಅರಿವೆ ಒತ್ತಿದ. ಒತ್ತುವಾಗ ಮುಖ ಅತ್ತ ತಿರುಗಿಸುತ್ತಿದ್ದ, ಆದರೆ ಕೈ ತೆಗೆಯುತ್ತಿರಲಿಲ್ಲ. ಒಂದು ದಿನ ಬದುಕುತ್ತಾನೆ ಅನ್ನಿಸುತ್ತಿತ್ತು, ಮರುದಿನ ಮುಗಿಯಿತು ಅನ್ನಿಸುತ್ತಿತ್ತು. ಕಡೆಗೆ ಗಡ್ಡೆ ಒಡೆಯಿತು, ಜ್ವರ ಇಳಿಯಿತು. ಯಮನೂರಪ್ಪ ಉಳಿದ.

ಅವನು ಗೋಡೆ ಹಿಡಿದು ಎದ್ದು ನಿಂತ ದಿನ, ತನ್ನ ಅಂಜಿಕೆಯೂ ಇಲ್ಲಿಗೆ ತೀರಿತು ಎಂದು ಬಾಳಪ್ಪ ತಿಳಿದ.

ಅದೇ ಸಂಜೆ ಯಾವುದೋ ಊರಿನವರು ಒಬ್ಬ ಮುದುಕಿಯನ್ನು ಹಗ್ಗ ಹೆಣೆದ ಹೊರಸಿನ ಮೇಲೆ ಹೊತ್ತು ತಂದರು. ಪಕ್ಕದ ಖಾಲಿ ಗುಡಿಸಲಿನಲ್ಲಿ ಇಳಿಸಿದರು. ಹೊರಸನ್ನೂ ಬಿಟ್ಟು, ಕಾಲ್ಕಿತ್ತರು. ಮುದುಕಿ ನರಳುತ್ತಿದ್ದಳು. ಅವಳ ಜೊತೆ ಯಾರೂ ಬಂದಿರಲಿಲ್ಲ.

ಬಾಳಪ್ಪ ನೀರಿನ ತಂಬಿಗೆ ಹಿಡಿದು ಅವಳ ಹೊಸ್ತಿಲವರೆಗೆ ಹೋದ. ಮೊದಲ ದಿನದ್ದೇ ವಾಸನೆ ಮೂಗಿಗೆ ಬಡಿಯಿತು. ಹೊಸ್ತಿಲ ಮೇಲೆಯೇ ಕೂತುಬಿಟ್ಟ.

ಹಿಂದಿನಿಂದ ಅಜ್ಜ ಬಂದರು.

"ಅಜ್ಜಾರ" ಎಂದ ಬಾಳಪ್ಪ, ತಲೆ ಎತ್ತದೆ, "ಇಷ್ಟೆಲ್ಲ ಆದ ಮ್ಯಾಲೂ ಅಂಜಿಕಿ ಹೋಗಿಲ್ರಿ. ಹೋಗೇತಿ ಅಂತ ತಿಳಿದಿದ್ದೆ. ಇಲ್ಲೇ, ನನ್ನ ಮಗ್ಗಲಾಗ ಬಂದು ಕುಂತೈತಿ."

ಅಜ್ಜ ಮೊಳಕಾಲಿಗೆ ಕೈ ಊರಿ, ಬಾಗಿಲ ಚೌಕಟ್ಟು ಹಿಡಿದು, ಮೆಲ್ಲಗೆ ಬಗ್ಗಿದರು.

"ಕುಂದರಲಿ ಬಿಡು. ನೀ ಒಂದೀಟು ಸರದು ಕುಂದ್ರು, ನನಗೂ ಜಾಗ ಬೇಕು."