ಗುಬ್ಬಿಗೆ ಬರೆದುಕೊಟ್ಟ ನೀರು

ಒಂದು ಹೈಸ್ಕೂಲಿನ ಕರಿಹಲಗೆಯ ಮೇಲೆ ಏನು ಬರೆದರೂ ಅದು ನಿಜವಾಗುತ್ತಿತ್ತು. ಅಲ್ಲಿದ್ದ ಸೀಮೆಸುಣ್ಣಕ್ಕೆ ಅದರಿಂದ ಬಹಳ ಜಂಭ. ಒಂದು ಮಧ್ಯಾಹ್ನ ಬಾಯಾರಿದ ಹೆಣ್ಣುಗುಬ್ಬಿಯೊಂದು ಕಿಟಕಿಗೆ ಬಂದು, "ಅಣ್ಣಾ, ಒಂದು ಗುಟುಕು ನೀರು ಬರೆದುಕೊಡು" ಎಂದಿತು.

"ಅದೇನು ಮಹಾ!" ಎಂದು ಸೀಮೆಸುಣ್ಣ ಎಡಗಡೆ ಒಂದು ಜೋಡಿ ಹೈಡ್ರೋಜನ್, ಒಂದು ಜೋಡಿ ಆಕ್ಸಿಜನ್ ಬರೆದು, ಬಲಗಡೆ ನೀರಿನ ಒಂದು ಅಣು ಬರೆಯಿತು. ಎಣಿಸಿದರೆ ಒಂದು ಆಕ್ಸಿಜನ್ ಮಿಕ್ಕಿತ್ತು. ಸೀಮೆಸುಣ್ಣ ಅದನ್ನೂ ಆ ಅಣುವಿನೊಳಗೇ ತುರುಕಿ, "ಲೆಕ್ಕ ಸರಿಹೋಯಿತು, ಕುಡಿ" ಎಂದಿತು.

ಗುಬ್ಬಿ ಕೊಕ್ಕು ಚಾಚುವಷ್ಟರಲ್ಲಿ ಮುದಿ ಡಸ್ಟರ್ ಅಡ್ಡ ಬಂತು. "ಮುಟ್ಟಬೇಡ ಮಗಳೇ! ಅದೀಗ ನೀರಲ್ಲ, ಗಾಯ ತೊಳೆಯುವ ಪೆರಾಕ್ಸೈಡ್. ನಾಲಿಗೆ ಸುಟ್ಟೀತು."

"ಲೆಕ್ಕ ಸರಿಯಿದೆಯಲ್ಲ?" ಎಂದು ಸೀಮೆಸುಣ್ಣ ಸಿಡುಕಿತು.

"ಲೆಕ್ಕ ಸರಿಯಿದೆ, ನೀರು ಕೆಟ್ಟಿದೆ. ಮಿಕ್ಕವನನ್ನು ತುಂಬಿದ ಮನೆಗೆ ನುಗ್ಗಿಸಬಾರದು, ಅವನಿಗೂ ಬೇರೆ ಸಂಸಾರ ಹೂಡಿಕೊಡಬೇಕು" ಎಂದು ಡಸ್ಟರ್ ಆ ಅಣುವಿನೊಳಗಿನ ಹೆಚ್ಚುವರಿ ಆಕ್ಸಿಜನ್ನನ್ನು ಒರೆಸಿಹಾಕಿತು.

ಸೀಮೆಸುಣ್ಣ ಮುಖ ಊದಿಸಿಕೊಂಡೇ ನೀರಿನ ಇನ್ನೊಂದು ಅಣು ಬರೆಯಿತು. ಅದಕ್ಕೆ ಹೈಡ್ರೋಜನ್ ಸಾಲದೆ, ಎಡಗಡೆ ಇನ್ನೊಂದು ಜೋಡಿಯನ್ನು ಕರೆಯಿತು. ಈಗ ಎರಡೂ ಕಡೆ ನಾಲ್ಕು ಹೈಡ್ರೋಜನ್, ಎರಡು ಆಕ್ಸಿಜನ್.

ಗುಬ್ಬಿ ಒಂದು ಅಣುವನ್ನು ಕುಡಿದು ಇನ್ನೊಂದರತ್ತ ನೋಡಿತು. "ಇದು ಹಾಗೇ ಇರಲಿ ಅಣ್ಣಾ. ನಮ್ಮ ಯಜಮಾನರೂ ಬೆಳಗಿನಿಂದ ಬಾಯಾರಿ ಕೂತಿದ್ದಾರೆ, ಕರೆತರುತ್ತೇನೆ" ಎಂದು ಹಾರಿಹೋಯಿತು.

ಅವರಿಬ್ಬರೂ ಬರುವವರೆಗೆ ಸೀಮೆಸುಣ್ಣ ಆ ಅಣುವಿನ ಹತ್ತಿರ ಡಸ್ಟರನ್ನು ಸುಳಿಯಗೊಡಲಿಲ್ಲ.