ತಿಪ್ಪಣ್ಣನ ಬಾಯಿಂದಲೇ ಬರಬೇಕು

ತಿಪ್ಪಣ್ಣ ಗಂಟಲು ಬೇನೆಯಿಂದ ತೀರಿಕೊಂಡು ವರ್ಷವಾಗಿತ್ತು. ಅವನ ದನಿ ಉಳಿದದ್ದು ವಿಶ್ವವಿದ್ಯಾಲಯದ ಕಂಪ್ಯೂಟರಿನಲ್ಲಿ ಮಾತ್ರ. ಹೆಬಸೂರ ಪ್ರೊಫೆಸರರು ಸಂಶೋಧನೆಗೆಂದು ಅವನಿಂದ ಪದ ಓದಿಸಿ ರೆಕಾರ್ಡ್ ಮಾಡಿಕೊಂಡಿದ್ದರು. ಅದನ್ನು ಒಮ್ಮೆ ಕೇಳಿದರೆ ಸಾಕು ಅಂತ ಹೆಂಡತಿ ಬಸಲಿಂಗವ್ವನ ಜೀವ ಹಂಬಲಿಸುತ್ತಿತ್ತು.

ಸಂಶೋಧನೆಯ ನೀತಿ-ನಿಯಮ ನೋಡಿಕೊಳ್ಳುವ ವಿಶ್ವವಿದ್ಯಾಲಯದ ಸಮಿತಿಗೆ ಅವಳು ಅರ್ಜಿ ಕೊಟ್ಟಳು. ಸಮಿತಿಯ ಎದುರು ಪ್ರೊಫೆಸರರು ಗತ್ತಿನಿಂದ ಹೇಳಿದರು: “ಅದು ಗೋಪ್ಯ. ಹೊರಗಿನವರಿಗೆ ಕೇಳಿಸುವಂತಿಲ್ಲ.”

ಜೀವಮಾನವೆಲ್ಲ ಸಂಸಾರ ಮಾಡಿದವಳು ಹೊರಗಿನವಳಂತೆ! ಬಸಲಿಂಗವ್ವ ಸಿಟ್ಟು ನುಂಗಿಕೊಂಡಳು.

“ಆತ್ರೀ ಸರ. ಆದ್ರ ಬ್ಯಾಡ ಅನಿಸಿದಾಗ ಎದ್ದು ಹೋಗಬಹುದು ಅಂತ ನೀವ ನಮ್ಮ ಮನಿಯವರಿಗೆ ಹೇಳಿದ್ರಿ, ಹೌದಲ್ರೀ?”

“ಹೌದು, ಅದು ಅವರ ಹಕ್ಕು. ಆದರೆ ಆ ಮಾತು ಅವರ ಬಾಯಿಂದಲೇ ಬರಬೇಕು.”

“ಮತ್ತ ಅವರನ್ನ ಕೇಳ್ರಿ. ಅವರ ಬಾಯಿ ನಿಮ್ಮ ಕಡೆನ ಐತಿ.”

ಪ್ರೊಫೆಸರರ ಮುಖ ಸಣ್ಣದಾಯಿತು. ಸಮಿತಿಯ ಅಧ್ಯಕ್ಷೆ ನಗು ತಡೆದು, “ರೆಕಾರ್ಡ್ ಹಚ್ಚಿ, ಕೇಳೋಣ,” ಎಂದರು.

ಓದಿಸಿದ ಪದಗಳು ಒಂದೊಂದಾಗಿ ಮುಗಿದವು. ಆಮೇಲೆ ಕೆಮ್ಮು. ಆಮೇಲೆ ತಿಪ್ಪಣ್ಣನ ಸ್ವಂತ ಮಾತು:

“ಸಾಕ್ರೀ ಸಾಹೇಬ್ರ, ಇನ್ನ ನನ್ನನ್ನ ಮನೀಗೆ ಕಳಸ್ರಿ. ಆಕಿ ಉಣ್ಣದ ಕುಂತಿರ್ತಾಳ.”

ಬಸಲಿಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ನಿಂತಳು.

“ಕೇಳಿದ್ರಲ್ರೀ? ಕಳಸ್ರಿ. ನಾ ಇನ್ನೂ ಉಂಡಿಲ್ಲ.”