ಕೌದಿಯ ಮೇಲೆ ಕೂತ ಊರು

ಬನ್ನಿ, ಹತ್ತಿರ ಬಂದು ಕೂತುಕೊಳ್ಳಿ. ಬೆನ್ನನ್ನು ಗೋಡೆಗೆ ಆನಿಸಿಕೊಳ್ಳಿ. ಕಣ್ಣು ಮುಚ್ಚಿ ಬಂದರೆ ಮುಚ್ಚಲಿ ಬಿಡಿ, ಈ ಕತೆಗೆ ಕಿವಿಯೊಂದಿದ್ದರೆ ಸಾಕು.

ಒಂದು ಮಠದಲ್ಲಿ ಒಬ್ಬ ಶಿಷ್ಯನಿದ್ದ. ಒಂದು ಹೊತ್ತು ಪೂಜೆ ಮಾಡುತ್ತಿದ್ದವನು ಎರಡು ಹೊತ್ತು ಮಾಡಿದ, ಎರಡು ಹೋಗಿ ಮೂರಾಯಿತು. ಸೋಮವಾರದ ಉಪವಾಸಕ್ಕೆ ಗುರುವಾರದ್ದೂ ಕೂಡಿಕೊಂಡಿತು. ಆದರೆ ಅಡುಗೆಯ ನಿಂಬೆವ್ವ ಸಾರಿಗೆ ಉಪ್ಪು ಮರೆತಳೆಂದರೆ ತಟ್ಟೆ ನೂಕಿ ಎದ್ದುಬಿಡುತ್ತಿದ್ದ. ಹಾಗೆ ಎದ್ದು ಬಂದ ಒಂದು ಮಧ್ಯಾಹ್ನ ಗುರುಗಳ ಮುಂದೆ ಕೂತು ಕೇಳಿದ:

"ಅಪ್ಪಾರ, ಪೂಜೆ ಹೆಚ್ಚಿಸಿದಷ್ಟೂ ನನ್ನ ಮನಸ್ಸು ಹೆಚ್ಚು ಕುದಿಯುತ್ತದೆ. ಇದು ಯಾಕೆ?"

ಗುರುಗಳು ಬೀಸಣಿಗೆಯನ್ನು ಪಕ್ಕಕ್ಕಿಟ್ಟರು. ಉತ್ತರ ಹೇಳಲಿಲ್ಲ, ಒಂದು ಕತೆ ಹೇಳಿದರು.

ಹೊಳೆಗೆ ಅಣೆಕಟ್ಟು ಕಟ್ಟಿದಾಗ ಒಂದು ಊರು ನೀರಿನಡಿ ಹೋಯಿತು. ಜನ ದಿಬ್ಬದ ಮೇಲೆ ಹೊಸ ಊರು ಮಾಡಿಕೊಂಡರು. ಇಪ್ಪತ್ತು ವರ್ಷ ಕಳೆದರೂ ಅವರ ಕನಸುಗಳೆಲ್ಲ ಹಳೆಯ ಊರಿನಲ್ಲೇ ನಡೆಯುತ್ತಿದ್ದವು. ಅವರಲ್ಲಿ ಗದಿಗೆಪ್ಪನೆಂಬವನು ಮನೆ ಕಟ್ಟುವವರಿಗೆ ನಕ್ಷೆ ಬರೆದುಕೊಡುತ್ತಿದ್ದ. ಅವನ ಹತ್ತಿರ ಒಂದು ಲ್ಯಾಪ್‌ಟಾಪ್ ಇತ್ತು. ಒಂಬತ್ತು ವರ್ಷದ ಹಿಂದೆ ಕೊಂಡಾಗ ಅಂಥ ಗಟ್ಟಿ ಯಂತ್ರ ಆ ಸೀಮೆಗೇ ಇನ್ನೊಂದಿರಲಿಲ್ಲ.

ಆ ಯಂತ್ರದೊಳಗೆ ಅವನು ಮುಳುಗಿದ ಊರನ್ನು ಮತ್ತೆ ಕಟ್ಟುತ್ತಿದ್ದ. ಊರಿಗೆ ಹಿರಿಯಳಾದ ಗುರವ್ವ ನೆನಪು ಮಾಡಿ ಮಾಡಿ ಹೇಳುವಳು, ಅವನು ಬರೆಯುವನು. ಯಾರ ಕಟ್ಟೆಗೆ ಎಷ್ಟು ಮೆಟ್ಟಿಲು, ಯಾರ ಗೋಡೆಗೆ ಸುಣ್ಣ, ಯಾರದಕ್ಕೆ ಬರೀ ಮಣ್ಣು, ಎಲ್ಲ ಆಕೆಗೆ ಬಾಯಿಪಾಠ. ಒಂದು ಕೀಲಿ ಒತ್ತಿದರೆ ಸಾಕು, ಊರ ಮುಂದಿನ ಅಗಸಿ ಬಾಗಿಲಿನಿಂದ ಒಳಗೆ ನಡೆದುಕೊಂಡು ಹೋಗಬಹುದಿತ್ತು. ಮೊದಲು ಬಾವಿ, ಆಮೇಲೆ ಬೇವಿನ ಮರದ ತಿರುವು, ತಿರುವು ದಾಟಿದರೆ ಗುರವ್ವನ ಮನೆ. ಬೇವಿಗೆ ಅವನು ನಾಲ್ಕಾರು ಎಲೆ ಬರೆದು ಕೈಬಿಟ್ಟಿದ್ದ. ಬೋಳು ಬೇವು ನಮ್ಮೂರದ್ದಲ್ಲ ಎಂದು ಆಕೆ ಮುಖ ತಿರುಗಿಸಿದಳು. ಸಾವಿರ ಸಾವಿರ ಎಲೆ ಬರೆದ, ಅಷ್ಟಕ್ಕೂ ನೆರಳು ಕೊಟ್ಟ.

ಗುರವ್ವನ ಕಣ್ಣು ತಿಂಗಳಿಂದ ತಿಂಗಳಿಗೆ ಮಬ್ಬಾಗುತ್ತಿತ್ತು. ದೀಪಾವಳಿಯ ದೀಪ ಕಾಣುವುದೂ ಸಂದೇಹ ಎಂದು ವೈದ್ಯರು ಹೇಳಿಬಿಟ್ಟಿದ್ದರು. ಆಕೆ ಅತ್ತಿರಲಿಲ್ಲ. ಒಂದೇ ಒಂದು ಕೇಳಿದ್ದಳು, ಕಣ್ಣು ಹೋಗುವ ಮೊದಲು ತನ್ನ ಹೊಸ್ತಿಲು ದಾಟಬೇಕೆಂದು. ಸೀಗಿ ಹುಣ್ಣಿಮೆಯ ದಿನ ದಾಟಿಸುತ್ತೇನೆ ಎಂದು ಗದಿಗೆಪ್ಪ ಮಾತು ಕೊಟ್ಟಿದ್ದ. ಆ ದಿನ ಹೊಲ ಇದ್ದವರು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ, ಬುತ್ತಿಯ ಒಂದೊಂದು ತುತ್ತನ್ನು ಭೂಮಿತಾಯಿಗೆ ಎರಚುತ್ತಾರೆ. ಈ ಜನದ ಹೊಲ ನೀರಿನಡಿ. ಇವರು ದಂಡೆಯಲ್ಲಿ ನಿಂತು ನೀರಿಗೇ ಚೆಲ್ಲುತ್ತಿದ್ದರು.

ಊರೇ ಒಳಗಿದೆ ಎಂದ ಮೇಲೆ ಅದು ಗದಿಗೆಪ್ಪನಿಗೆ ಬರೀ ಯಂತ್ರವಾಗಿ ಉಳಿಯಲಿಲ್ಲ. ಮಂಗಳವಾರಕ್ಕೊಮ್ಮೆ, ಅಮಾವಾಸ್ಯೆಗೊಮ್ಮೆ ಅದಕ್ಕೆ ಪೂಜೆ. ಮೂರು ಬೆರಳಿನಿಂದ ವಿಭೂತಿ, ಮೇಲೆ ಕುಂಕುಮ, ಪಕ್ಕದಲ್ಲಿ ಊದಿನಕಡ್ಡಿ. ಕೆಳಗೆ ಕೌದಿ. ಹಳೆಯ ಊರು ಬಿಡುವಾಗ ಹೆಂಗಸರು ಉಟ್ಟಿದ್ದ ಸೀರೆಗಳ ತುಂಡು ಸೇರಿಸಿ, ಒಳಗೆ ಅರಳೆ ತುಂಬಿ ಗುರವ್ವನೇ ಹೊಲಿದು ಕೊಟ್ಟ ಕೌದಿ ಅದು. ಅಷ್ಟು ಮೆತ್ತಗೆ ಅವನು ತನ್ನ ಮಕ್ಕಳನ್ನೂ ಮಲಗಿಸಿರಲಿಲ್ಲ.

ಬೇಸಿಗೆಯಲ್ಲಿ ಯಂತ್ರ ಕಾಯತೊಡಗಿತು. ಬಾವಿಯ ತನಕ ಚೆನ್ನಾಗಿ ನಡೆಯುವುದು. ಬೇವಿನ ತಿರುವಿಗೆ ಬಂತೆಂದರೆ ಒಳಗಿನ ಫ್ಯಾನು ಹುಯ್ಯಲಿಡುವುದು, ಕೀಲಿ ಬೆರಳು ಸುಡುವುದು, ಪರದೆ ಕಪ್ಪಾಗುವುದು. ಊರು ಮತ್ತೆ ಮುಳುಗಿದಂತಾಗುತ್ತಿತ್ತು.

ಬಿಸಿಲಿನ ದೋಷ ಎಂದುಕೊಂಡು ಎದುರಿಗೆ ಟೇಬಲ್ ಫ್ಯಾನ್ ಇಟ್ಟ. ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿದ. ಮಳೆಗಾಲ ಬಂತು, ಗಾಳಿ ತಣ್ಣಗಾಯಿತು, ಯಂತ್ರ ತಣ್ಣಗಾಗಲಿಲ್ಲ. ಕಂಡವರೆಲ್ಲ ಒಂದೊಂದು ಹೇಳಿದರು. ಮುದಿಯಾಯಿತು, ಬಿಸಾಡು ಎಂದರು. ಬೇವಿನ ಎಲೆ ಉದುರಿಸು, ಭಾರ ಇಳಿಯುತ್ತದೆ ಎಂದರು. ಅವನಿಗೆ ಎರಡೂ ಆಗದ ಮಾತು. ಪೂಜೆಯಲ್ಲಿ ಕಡಿಮೆ ಬಿದ್ದಿರಬೇಕು ಎನಿಸಿತು. ವಾರಕ್ಕೊಮ್ಮೆ ಇದ್ದದ್ದನ್ನು ದಿನಾ ಮಾಡಿದ. ಯಂತ್ರ ದಿನಾ ಹೆಚ್ಚು ಕಾಯಿತು. ಅವನು ಇನ್ನೊಂದು ಊದಿನಕಡ್ಡಿ ಹಚ್ಚಿದ.

ಮಹಾನವಮಿ ಬಂತು. ಆಯುಧಪೂಜೆ. ಬೊಗಸೆ ತುಂಬ ಚೆಂಡುಹೂವಿನ ಎಸಳು ಏರಿಸಿ, ವಿಭೂತಿ ಧೂಳಿಸಿ, ಕೈಮುಗಿದು ಕೀಲಿ ಒತ್ತಿದ. ಈ ಸಲ ಅಗಸಿಯೇ ತೆರೆಯಲಿಲ್ಲ. ಫ್ಯಾನು ಒಮ್ಮೆ ಮುಲುಗಿ ಸುಮ್ಮನಾಯಿತು. ಹುಣ್ಣಿಮೆಗೆ ಉಳಿದದ್ದು ಆರೇ ದಿನ.

ಮರುದಿನ ಅವನು ಯಂತ್ರವನ್ನು ಕೌದಿಯಲ್ಲಿ ಸುತ್ತಿ, ಕೂಸಿನ ಹಾಗೆ ಎದೆಗವಚಿಕೊಂಡು ದಸ್ತಗೀರನ ಅಂಗಡಿಗೆ ನಡೆದ. ಗುರವ್ವನೂ ಕೋಲೂರಿಕೊಂಡು ಬೆನ್ನಿಗೆ ಬಂದಳು. ದಸ್ತಗೀರ ಅದೇ ಮುಳುಗಿದ ಊರಿನ ಪಿಂಜಾರರ ಮೊಮ್ಮಗ. ಅಜ್ಜ ಬಿಲ್ಲು ಹಿಡಿದು ಅರಳೆ ಹಿಂಜುತ್ತಿದ್ದ, ಮೊಮ್ಮಗ ಮಿಕ್ಸಿ, ರೇಡಿಯೋ, ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ.

ದಸ್ತಗೀರ ಯಂತ್ರವನ್ನು ಬರೀ ಹಲಗೆಯ ಮೇಲಿಟ್ಟು ಚಾಲೂ ಮಾಡಿದ. ಕಿವಿಯಿಟ್ಟು ಕೇಳಿದ. ಆಮೇಲೆ ಬೆನ್ನಿನ ಕಿಂಡಿಯ ಮುಂದೆ ಒಂದು ಎಳೆ ಅರಳೆ ಹಿಡಿದ. ಒಳಗೆ ಫ್ಯಾನು ತಿಣುಕುತ್ತಿತ್ತು, ಹೊರಗೆ ಅರಳೆ ಅಲುಗಲಿಲ್ಲ. ಅವನು ಯಂತ್ರ ಆರಿಸಿ ತಿರುವಿ ಹಾಕಿ, ಒಂದೊಂದೇ ಸ್ಕ್ರೂ ಬಿಚ್ಚಿ ಹೊಟ್ಟೆ ತೆರೆದ.

ಗಾಳಿ ಹೊರಗೆ ಹೋಗುವ ತಾಮ್ರದ ಹಲ್ಲುಗಳ ಮುಂದೆ ಒಂದು ಚಾಪೆ ಹೆಣೆದುಕೊಂಡಿತ್ತು. ವಿಭೂತಿ, ಕುಂಕುಮ, ಊದಿನಕಡ್ಡಿಯ ಬೂದಿ, ಒಣಗಿದ ಎಸಳು, ಎಲ್ಲವನ್ನೂ ಹಿಡಿದಿಟ್ಟ ಕೌದಿಯ ಅರಳೆ. ದಸ್ತಗೀರ ಚಿಮುಟದಿಂದ ಎತ್ತಿದ. ಒಂಬತ್ತು ವರ್ಷದ ಭಕ್ತಿ ಒಂದು ಬೆರಳಗಲದ ಪಟ್ಟಿಯಾಗಿ ಎದ್ದು ಬಂತು.

"ಗದಿಗೆಪ್ಪಣ್ಣ, ಇದಕ್ಕ ಬ್ಯಾನಿ ಏನಿಲ್ಲ. ಮೂಗು ಮುಚ್ಚಿ ಓಡು ಅಂದ್ರ ಯಾರು ಓಡ್ತಾರ?"

"ನಾನು ಇದನ್ನ ದೇವರಂಗ ನೋಡಿಕೊಂಡೀನೋ, ದಸ್ತಗೀರ."

"ಅಲ್ಲೇ ತಪ್ಪಾತು. ದೇವರಿಗೆ ಉಸಿರು ಬ್ಯಾಡ. ಇದಕ್ಕ ಬೇಕು."

ಗದಿಗೆಪ್ಪ ತಲೆ ತಗ್ಗಿಸಿದ. ಬೈದಿದ್ದರೆ ತಾಳಿಕೊಳ್ಳುತ್ತಿದ್ದ. ತಾನೇ ಮೂಗು ಹಿಡಿದು, ತಾನೇ ಬೀಸಣಿಗೆ ಬೀಸುತ್ತ ಕೂತಿದ್ದೆನಲ್ಲ ಎಂಬುದನ್ನು ತಾಳಲಾಗಲಿಲ್ಲ. ಆ ಕೊಳೆಯ ಪಟ್ಟಿಯನ್ನು ಕಸಕ್ಕೆ ಹಾಕಲೂ ಅವನ ಕೈ ಬರಲಿಲ್ಲ. ಒಂದು ಕಾಗದದಲ್ಲಿ ಮಡಚಿ ಜೇಬಿಗಿಟ್ಟುಕೊಂಡ.

ದಸ್ತಗೀರ ಫ್ಯಾನಿನ ರೆಕ್ಕೆಗಳನ್ನು ಕುಂಚದಿಂದ ತಿಕ್ಕಿದ. ಯಂತ್ರದ ಮಿದುಳಿಗೂ ತಾಮ್ರಕ್ಕೂ ನಡುವೆ ಬಿಸಿ ದಾಟಿಸುವ ಒಂದು ಲೇಪ ಇರುತ್ತದೆ. ಅದು ನಿನ್ನೆಯ ಗಂಧ ಹಣೆಯ ಮೇಲೆ ಬಿರಿದ ಹಾಗೆ ಬಿರಿದಿತ್ತು. ಅದನ್ನು ಒರೆಸಿ ಹೊಸದನ್ನು ಅಕ್ಕಿಕಾಳಿನಷ್ಟು ಇಟ್ಟ. ಇನ್ನಷ್ಟು ಹಚ್ಚಪ್ಪ, ಕಡಿಮೆ ಆದೀತು ಎಂದು ಗದಿಗೆಪ್ಪ ಬಾಯಿಬಿಟ್ಟ. ದಸ್ತಗೀರ ಕತ್ತೆತ್ತಿ ನೋಡಿದ. ಗದಿಗೆಪ್ಪ ಬಾಯಿ ಮುಚ್ಚಿದ.

ಕಡೆಗೆ ಉಳಿದದ್ದು ಕೌದಿ. ಗಾಳಿ ಒಳಗೆಳೆಯುವ ಕಿಂಡಿ ಹೊಟ್ಟೆಯಡಿಯಲ್ಲೇ ಇದೆ, ಇನ್ನು ಮೇಲೆ ಇದು ಹಲಗೆಯ ಮೇಲೇ ಕೂರಬೇಕು ಎಂದ ದಸ್ತಗೀರ. ಗದಿಗೆಪ್ಪ ಗುರವ್ವನ ಕಡೆ ನೋಡಲಾರದೆ ನಿಂತ. ಆಕೆಯೇ ತಡವರಿಸಿ ಕೌದಿ ಎಳೆದುಕೊಂಡು ಹೆಗಲ ಮೇಲೆ ಹೊದ್ದಳು.

"ಹುಚ್ಚಪ್ಪ, ಥಂಡಿ ಆಗೋದು ನನಗ, ಅದಕ್ಕಲ್ಲ," ಎಂದಳು.

ಹುಣ್ಣಿಮೆಯ ದಿನ ಜನ ದಂಡೆಗೆ ಬಂದರು. ನೀರಿಗೆ ಚರಗ ಚೆಲ್ಲಿದರು. ಗದಿಗೆಪ್ಪ ಜೇಬಿನ ಕಾಗದ ಬಿಚ್ಚಿ ಆ ಬೂದಿಯನ್ನೂ ನೀರಿಗೆ ಬಿಟ್ಟ. ಅದು ತನ್ನ ಊರನ್ನು ಹುಡುಕಿಕೊಂಡು ಮೆಲ್ಲಗೆ ಕೆಳಗೆ ಇಳಿಯಿತು. ಗಿಡದ ನೆರಳಿನಲ್ಲಿ ಒಂದು ಹಲಗೆ ಹಾಕಿ, ಅದರ ಮೇಲೆ ಯಂತ್ರ ಇಟ್ಟು, ಗುರವ್ವನನ್ನು ಮುಂದೆ ಕೂರಿಸಿದರು. ಆಕೆಯ ಮೂಗು ಪರದೆಗೆ ತಾಗುವಷ್ಟು ಹತ್ತಿರ.

ಅಗಸಿ ತೆರೆಯಿತು. ಬಾವಿ ಬಂತು. ಬೇವಿನ ತಿರುವು ಬಂತು. ಗದಿಗೆಪ್ಪ ಕೀಲಿಯ ಮೇಲಿನ ಬೆರಳು ಎತ್ತಲಿಲ್ಲ, ಉಸಿರೂ ಬಿಡಲಿಲ್ಲ. ಯಂತ್ರ ಮಾತ್ರ ನೀಳವಾಗಿ ಉಸಿರಾಡುತ್ತಿತ್ತು, ನಿದ್ದೆ ಬಂದ ದನದ ಹಾಗೆ. ಸಾವಿರ ಎಲೆಯ ನೆರಳು ಆಕೆಯ ಮುಖದ ಮೇಲೆ ಹಾದುಹೋಯಿತು. ತಿರುವು ದಾಟಿತು. ಮುಂದೆ ಹೊಸ್ತಿಲು.

ಆ ಮನೆಯ ಬಾಗಿಲು ಗಿಡ್ಡ. ಬಾಗದವರ ಹಣೆ ಒಡೆಯುತ್ತಿತ್ತು. ಗುರವ್ವ ಕೂತಲ್ಲೇ ಸೆರಗು ಸರಿಮಾಡಿಕೊಂಡು, ತಲೆ ಬಾಗಿಸಿ ಒಳಗೆ ಹೋದಳು.

ದೀಪಾವಳಿ ಬರುವಷ್ಟರಲ್ಲಿ ಆಕೆಯ ಕಣ್ಣು ಪೂರ್ತಿ ಆರಿತು. ಆದರೂ ಆಮೇಲೆ ಬದುಕಿದ್ದ ನಾಲ್ಕು ವರ್ಷ ದಿನಾ ಬೆಳಿಗ್ಗೆ ಕೌದಿಯೊಳಗೆ ಮಲಗಿದಲ್ಲಿಂದಲೇ ಅಗಸಿಯಿಂದ ಮನೆಯ ತನಕ ನಡೆದು ಬರುತ್ತಿದ್ದಳಂತೆ. ದಸ್ತಗೀರ ಕೇಳಿಕೊಂಡಂತೆ ಯಂತ್ರದೊಳಗಿನ ಊರಿನಲ್ಲಿ ಪಿಂಜಾರರ ಮನೆಯ ಗೋಡೆಗೆ ಅವನ ಅಜ್ಜನ ಬಿಲ್ಲು ತೂಗುಬಿತ್ತು. ಯಂತ್ರ ಇನ್ನೆರಡು ವರ್ಷ ದುಡಿದು ತಾನಾಗಿ ನಿಂತಿತು, ಅಷ್ಟು ಹೊತ್ತಿಗೆ ಊರು ಹತ್ತು ಮನೆಯ ಯಂತ್ರಗಳಿಗೆ ದಾಟಿಯಾಗಿತ್ತು. ಗದಿಗೆಪ್ಪ ಆಯುಧಪೂಜೆ ಬಿಡಲಿಲ್ಲ. ಮೊದಲು ಕುಂಚ ಹಿಡಿಯುತ್ತಿದ್ದ, ಆಮೇಲೆ ಒಂದು ಮೊಳ ದೂರದಲ್ಲಿ ಒಂದು ಹೂ ಇಟ್ಟು ಕೈಮುಗಿಯುತ್ತಿದ್ದ.

ಗುರುಗಳು ಕತೆ ನಿಲ್ಲಿಸಿ ಬೀಸಣಿಗೆ ಎತ್ತಿಕೊಂಡರು. ಶಿಷ್ಯ, ಹಾಗಾದರೆ ನಾನು ಪೂಜೆ ಬಿಡಲೇ ಎಂದು ಕೇಳಿದ.

"ಬಿಡಬೇಡಪ್ಪಾ, ಮಾಡಿದ ಪೂಜೆಯ ಬೂದಿ ಎಲ್ಲಿ ಹೋಗಿ ಕೂತಿದೆ ಎಂದು ಒಮ್ಮೆ ತೆರೆದು ನೋಡು."

ಶಿಷ್ಯನೇನೂ ಮುಂದೆ ದೊಡ್ಡ ಗುರುವಾಗಲಿಲ್ಲ, ಆ ಮಠದಲ್ಲೇ ಇದ್ದು ಮುದುಕನಾದ. ಸಾರಿಗೆ ಉಪ್ಪಿಲ್ಲದ ದಿನ ತಾನೇ ಎದ್ದು ಹೋಗಿ ತಂದುಕೊಳ್ಳುತ್ತಿದ್ದ, ಬರುವಾಗ ನಿಂಬೆವ್ವನ ತಟ್ಟೆಗೂ ಒಂದು ಚಿಟಿಕೆ ಹಾಕಿ ಬರುತ್ತಿದ್ದ.